ಚೋಮನು ಬೇಡಿದ್ದು ಏನು?

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು (1933) ಮತಾಂತರದ ಕತೆಯೆಂದು ಓದುವವರುಂಟು. ಆ ಓದು ಸಾಲದೆಂದು ನಮ್ಮ ಅಭಿಪ್ರಾಯ. ಚೋಮನು ಬೇಡಿದ್ದು ಮತವನ್ನಲ್ಲ, ಉಳುವುದಕ್ಕೊಂದು ತುಂಡು ಗದ್ದೆಯನ್ನು. ಅಸ್ಪೃಶ್ಯನೆನಿಸಿದವನು ಬೇಸಾಯಗಾರನಾಗಕೂಡದೆಂಬ ಕಟ್ಟಳೆಯನ್ನೇ ಧರ್ಮವೆಂದು ನಂಬಿದ್ದ ಒಡೆಯರ ಮನೆಯಲ್ಲಿ ಅದು ದೊರೆಯಲಿಲ್ಲ. ಮಗ ಗುರುವನು ಕ್ರೈಸ್ತನಾದನು. ಗದ್ದೆಯ ಆಸೆಯಿಂದ ಅದೇ ದಾರಿ ಹಿಡಿದ ಚೋಮನು ಪಂಜುರ್ಲಿಯನ್ನು ಬಿಡಲಾರದೆ ಮರಳಿದನು.

ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದುದು 1834ರಲ್ಲಿ. ಅದಕ್ಕೂ ಮೊದಲೇ, 1801ರಲ್ಲಿ, ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಒಡೆಯರ ಸೊತ್ತಾಗಿ ಗದ್ದೆಯಲ್ಲಿ ದುಡಿಯುತ್ತಿದ್ದ ಜೀತದಾಳುಗಳ ವಿಷಯ ಬರೆದಿದ್ದಾನೆ. ಎಂದಮೇಲೆ ಮಣ್ಣಿಗೂ ಜಾತಿಗೂ ಬಿದ್ದ ಗಂಟು ಪಾದ್ರಿಗಳಿಗಿಂತ ಹಳೆಯದು. ಮತಾಂತರದ ಜಗಳದ ಮೂಲವನ್ನು ಅಲ್ಲಿಯೇ ಹುಡುಕಬೇಕು. ಕಾರಂತರು ಇದನ್ನು ಉಪದೇಶವಾಗಿ ಹೇಳದೆ ಚೋಮನ ಸೋಲಿನಲ್ಲಿಯೇ ಕಾಣಿಸಿದ್ದಾರೆ.

1956ರವರೆಗೆ ಕಾಸರಗೋಡೂ ದಕ್ಷಿಣ ಕನ್ನಡ ಜಿಲ್ಲೆಯಲ್ಲಿಯೇ ಇತ್ತು. ಬಳಿಕ ಗಡಿಯ ಎರಡೂ ಕಡೆ, ಕೇರಳದಲ್ಲಿ 1970ರಲ್ಲಿ, ಕರ್ನಾಟಕದಲ್ಲಿ 1974ರಲ್ಲಿ, ಗೇಣಿದಾರರಿಗೆ ಭೂಮಿಯ ಹಕ್ಕು ಬಂತು. ಆದರೆ ಚೋಮನು ಗೇಣಿದಾರನಲ್ಲ. ಸಾಲಕ್ಕೆ ಕಟ್ಟುಬಿದ್ದ ಆಳು. ಗೇಣಿಚೀಟಿಯೇ ಇಲ್ಲದವನಿಗೆ ಆ ಹಕ್ಕು ಹೇಗೆ ತಲಪೀತು?

ಪಾಠ ಹೇಳುವ ನಾವು, ಚೋಮನು ಯಾವ ಮತದಲ್ಲಿ ಉಳಿದನೆಂಬುದಕ್ಕಿಂತ ಮೊದಲು, ಅವನಿಗೆ ಗದ್ದೆಯೇಕೆ ದೊರೆಯಲಿಲ್ಲವೆಂದು ಮಕ್ಕಳನ್ನು ಕೇಳಬೇಕು.