ಗುಜರಿಯ ನಾದ

ಕಬ್ಬಿಣವನ್ನು ಬಡಿದರೆ ಸದ್ದಾದೀತು, ಸಂಗೀತವಾದೀತೆ? 1981ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ‘ಟೆಸ್ಟ್ ಡಿಪಾರ್ಟ್‌ಮೆಂಟ್’ ಮೇಳದವರು ವಾದ್ಯಗಳನ್ನು ಆಯ್ದದ್ದು ಗುಜರಿಯಿಂದ: ಪೀಪಾಯಿ, ಸ್ಪ್ರಿಂಗು, ತಗಡು. ‘ಇಂಡಸ್ಟ್ರಿಯಲ್’ ಎಂದು ಹೆಸರಾದ ಈ ಸಂಗೀತದಲ್ಲಿ ಆವೇಶವೇನೋ ಉಂಟು. ಭಾವದ ಏರಿಳಿತ ಕಡಮೆ. ಬರಿಯ ಬಡಿತಕ್ಕೆ ಕಿವಿ ಬೇಗ ದಣಿಯುತ್ತದೆ.

1984-85ರ ಕಲ್ಲಿದ್ದಲು ಗಣಿ ಮುಷ್ಕರದಲ್ಲಿ ದಕ್ಷಿಣ ವೇಲ್ಸಿನ ಮುಷ್ಕರನಿರತ ಗಣಿಕಾರ್ಮಿಕರ ಗಾಯನವೃಂದದೊಡನೆ ಕೂಡಿ ಅವರು ಹೊರತಂದ ‘ಶೋಲ್ಡರ್ ಟು ಶೋಲ್ಡರ್’ ಧ್ವನಿಮುದ್ರಿಕೆಯ ಮಾತೇ ಬೇರೆ. ಗಂಡುಕಂಠಗಳ ತುಂಬು ಮೇಳಗಾನ ಒಂದೆಡೆ, ಲೋಹದ ಗರ್ಜನೆ ಇನ್ನೊಂದೆಡೆ. ಇವೆರಡೂ ಅಕ್ಕಪಕ್ಕ ನಿಂತಾಗ, ಬಡಿತವು ದುಡಿಯುವ ತೋಳಿನದೆಂದು ಥಟ್ಟನೆ ಹೊಳೆಯುತ್ತದೆ. ಗದ್ದಲಕ್ಕೆ ಅರ್ಥ ಬಂದುದು ಅಬ್ಬರದಿಂದಲ್ಲ, ಔಚಿತ್ಯದಿಂದ.

ಮುಷ್ಕರ ಸೋತಿತು, ಗಣಿಗಳು ಒಂದೊಂದಾಗಿ ಮುಚ್ಚಿದವು. ಆ ದುಡಿಮೆಯ ಸದ್ದು ಮಾತ್ರ ಈ ಮುದ್ರಿಕೆಯಲ್ಲಿ ಉಳಿದಿದೆ. ಇದನ್ನು ಸಂಗೀತವಲ್ಲವೆನ್ನಲು ಸಹೃದಯನಿಗೆ ಬಾಯಿ ಬಾರದು.