ರಾಮಧಾನ್ಯದ ತಕ್ಕಡಿ: ಸಂತೆ, ಕಿರಾಣಿ ಅಂಗಡಿ ಮತ್ತು ಒಂದು ಓದು

ಕನಕದಾಸರ ‘ರಾಮಧಾನ್ಯ ಚರಿತೆ’ಯನ್ನು ತರಗತಿಗಳಲ್ಲಿ ಓದಿಸುವ ಕ್ರಮ ಬಹುಮಟ್ಟಿಗೆ ನಿಗದಿಯಾಗಿಬಿಟ್ಟಿದೆ. ವ್ರೀಹಿ ಎಂದರೆ ಅಕ್ಕಿ, ಅದು ಮೇಲ್ವರ್ಗ. ನರೆದಲಗ ಎಂದರೆ ರಾಗಿ, ಅದು ದುಡಿಯುವ ವರ್ಗ. ರಾಮನ ಎದುರು ಎರಡೂ ಜಗಳವಾಡುತ್ತವೆ, ರಾಗಿ ಗೆಲ್ಲುತ್ತದೆ, ರಾಘವನ ಹೆಸರನ್ನು ಪಡೆಯುತ್ತದೆ. ಈ ಓದು ತಪ್ಪಲ್ಲ. ಆದರೆ ಇದರಲ್ಲಿ ಧಾನ್ಯ ಬರೀ ರೂಪಕವಾಗಿ ಉಳಿಯುತ್ತದೆ. ಅದನ್ನು ಯಾರೋ ಬೆಳೆಯುತ್ತಾರೆ, ಅಳೆಯುತ್ತಾರೆ, ಕೊಳ್ಳುತ್ತಾರೆ, ಮಳೆಗಾಲಕ್ಕೆಂದು ಕೂಡಿಡುತ್ತಾರೆ ಎಂಬುದು ಮರೆತುಹೋಗುತ್ತದೆ. ನನ್ನ ಸಂಶೋಧನೆಗಾಗಿ ಶಿಗ್ಗಾಂವಿ, ಸವಣೂರು, ಹಾನಗಲ್ಲ, ಹಿರೇಕೆರೂರುಗಳ ಸಂತೆಗಳಲ್ಲಿ, ಕಿರಾಣಿ ಅಂಗಡಿಗಳಲ್ಲಿ ಓಡಾಡುವಾಗ ನನಗೆ ಮತ್ತೆ ಮತ್ತೆ ಅನ್ನಿಸಿದ್ದು ಇದು: ಈ ಕಾವ್ಯ ಜಾತಿಯ ವಾದವಾಗಿರುವಷ್ಟೇ ಸರಕಿನ ವಾದವೂ ಹೌದು. ಎರಡು ಪದಾರ್ಥಗಳನ್ನು ಅಕ್ಕಪಕ್ಕ ಇಟ್ಟು ಯಾವುದು ಮೇಲು, ಯಾವ ಅಳತೆಯಿಂದ ಮೇಲು ಎಂದು ಕೇಳುವ ಕಾವ್ಯ ಇದು.

ಕನಕದಾಸರ ಹುಟ್ಟೂರು ಬಾಡ ಇರುವುದು ಶಿಗ್ಗಾಂವಿ ತಾಲ್ಲೂಕಿನಲ್ಲಿ. ಇದು ಎರಡು ಸೀಮೆಗಳು ಕೂಡುವ ಜಾಗ. ಪೂರ್ವಕ್ಕೆ ಸವಣೂರಿನ ಕಡೆ ಹೋದರೆ ಎರೆಮಣ್ಣು, ಜೋಳದ ರೊಟ್ಟಿ. ಪಶ್ಚಿಮಕ್ಕೆ ಹಾನಗಲ್ಲಿನ ಕಡೆ ಹೋದರೆ ಮಲೆನಾಡಿನ ಸೆರಗು, ಕೆರೆಗಳು, ಭತ್ತದ ಗದ್ದೆ. ಕೆಲವೇ ಮೈಲಿಗಳ ಅಂತರದಲ್ಲಿ ಊಟದ ತಟ್ಟೆಯ ನಡುವಿನ ಪದಾರ್ಥ ಬದಲಾಗುತ್ತದೆ. ಧಾನ್ಯಗಳಲ್ಲಿ ಯಾವುದು ಹೆಚ್ಚು ಎಂಬ ಪ್ರಶ್ನೆ ಇಂಥ ಗಡಿಯಲ್ಲಿ ಬದುಕಿದವರಿಗೆ ಪುಸ್ತಕದ ಪ್ರಶ್ನೆಯಾಗಿರಲಾರದು.

ಈಗ ಕಾವ್ಯದ ಪರೀಕ್ಷೆಯನ್ನೇ ನೋಡಿ. ಗೌತಮ ಮುನಿ ನರೆದಲಗವೇ ಹೆಚ್ಚು ಎನ್ನುತ್ತಾನೆ. ಅಕ್ಕಿ ಸಿಟ್ಟಾಗುತ್ತದೆ: ತಾನು ಮದುವೆ ಮುಂಜಿಗಳಿಗೆ, ದೇವರ ಪೂಜೆಗೆ, ಉತ್ತಮರ ಊಟಕ್ಕೆ ಬೇಕಾದವನು ಎನ್ನುತ್ತದೆ. ಅಂದರೆ ಅದರ ವಾದ ಗಿರಾಕಿಯ ಅಂತಸ್ತಿನ ಮೇಲೆ ನಿಂತಿದೆ. ನನ್ನನ್ನು ಕೊಳ್ಳುವವರು ದೊಡ್ಡವರು, ಆದ್ದರಿಂದ ನಾನು ದೊಡ್ಡವನು. ರಾಗಿಯ ಉತ್ತರ ಬೇರೆ ನೆಲೆಯದು: ಬಡವರ ಕಡೆ ನೀನು ತಿರುಗಿಯೂ ನೋಡುವುದಿಲ್ಲ, ಬರಗಾಲದಲ್ಲಿ ಜನರನ್ನು ಕಾಯುವವನು ನಾನು. ರಾಮ ಇಬ್ಬರ ಮಾತನ್ನೂ ತೂಗಲು ಹೋಗುವುದಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಅವಧಿ ಮುಗಿದಾಗ ಅಕ್ಕಿ ಕಳೆಗುಂದಿರುತ್ತದೆ, ರಾಗಿ ಗಟ್ಟಿಯಾಗಿ ಉಳಿದಿರುತ್ತದೆ.

ಈ ಸೆರೆಯನ್ನು ನಾವು ಸಾಮಾನ್ಯವಾಗಿ ದೈವಿಕ ತೀರ್ಪು ಎಂದು ಓದುತ್ತೇವೆ. ಒಕ್ಕಲು ಮನೆಯವರು ಇದನ್ನು ತಕ್ಷಣ ಹಗೇವು ಎಂದು ಗುರುತಿಸುತ್ತಾರೆ. ನೆಲದೊಳಗೆ ಕತ್ತಲೆಯಲ್ಲಿ ಮುಚ್ಚಿಟ್ಟ ಕಾಳು ಎಷ್ಟು ದಿನ ಕೆಡದೆ ಉಳಿಯುತ್ತದೆ? ರಾಗಿಗೆ ಹುಳ ಹತ್ತುವುದು ಅಪರೂಪ, ವರ್ಷಗಟ್ಟಲೆ ಉಳಿಯುತ್ತದೆ. ಇಲ್ಲಿ ಒಂದು ಆಕ್ಷೇಪ ಬರಬಹುದು. ಪೇಟೆಯಲ್ಲಿ ಹಳೆಯ ಅಕ್ಕಿಗೇ ಬೆಲೆ ಹೆಚ್ಚು. ಅನ್ನ ಉದುರಾಗುತ್ತದೆ, ಹೆಚ್ಚು ಒದಗುತ್ತದೆ ಎಂದು ವ್ಯಾಪಾರಿಗಳು ಅದನ್ನು ಎತ್ತಿಟ್ಟು ಮಾರುತ್ತಾರೆ. ಹಾಗಾದರೆ ಆರು ತಿಂಗಳಲ್ಲಿ ಅಕ್ಕಿ ಸೋಲಬೇಕಿಲ್ಲವಲ್ಲ? ಈ ಆಕ್ಷೇಪವೇ ಕಾವ್ಯದ ನಿಲುವನ್ನು ಸ್ಪಷ್ಟಗೊಳಿಸುತ್ತದೆ. ಹಳೆಯ ಅಕ್ಕಿಯ ಬೆಲೆ ಗೋದಾಮು ಇರುವವನ ಲೆಕ್ಕ. ಕನಕದಾಸರು ಹಿಡಿದದ್ದು ಅದನ್ನಲ್ಲ. ಮುಂದಿನ ಸುಗ್ಗಿಯವರೆಗೆ ಇದ್ದದ್ದರಲ್ಲಿ ದಿನ ದೂಡಬೇಕಾದ ಮನೆಯ ಲೆಕ್ಕವನ್ನು. ‘ಒಳ್ಳೆಯ ಮಾಲು’ ಎಂಬ ಮಾತಿಗೆ ಯಾರ ಮನೆಯಿಂದ ನೋಡಿದರೆ ಒಳ್ಳೆಯದು ಎಂಬ ಪ್ರಶ್ನೆ ಅಂಟಿಕೊಂಡೇ ಇರುತ್ತದೆ ಎಂಬುದನ್ನು ಈ ಕಾವ್ಯ ಬಿಟ್ಟುಕೊಡುವುದಿಲ್ಲ.

ಅದೇ ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರು (1819–1889) ಹುಲಗೂರ ಸಂತೆಯನ್ನು ತಮ್ಮ ಪದದೊಳಗೆ ತಂದರು. ಸಂತೆಯ ಗದ್ದಲದಲ್ಲಿ ನಿಂತ ಮುದುಕಿಯನ್ನು ಅವರು ಎಚ್ಚರಿಸುತ್ತಾರೆ: ಬಿದ್ದರೆ ಎತ್ತುವವರಿಲ್ಲ, ಬುಟ್ಟಿಯಲ್ಲಿರುವುದು ಕಳುವಾದೀತು. ಸಂತೆ ಅಂದರೆ ಸಂಸಾರ, ಮುದುಕಿ ಅಂದರೆ ಜೀವ ಎಂದು ಬಿಡಿಸಿ ಹೇಳುವುದು ಸುಲಭ. ಆದರೆ ಆ ಅರ್ಥಕ್ಕೆ ಬಲ ಬರುವುದು ಸಂತೆ ನಿಜವಾದ ಸಂತೆಯಾಗಿರುವುದರಿಂದ. ಅಲ್ಲಿ ಬೆಲೆಯನ್ನು ಯಾರೂ ಬರೆದು ಅಂಟಿಸಿರುವುದಿಲ್ಲ. ಬದನೆಕಾಯಿಯ ತೊಟ್ಟು ನೋಡಬೇಕು, ಅವರೆಕಾಯಿಯನ್ನು ಬೆರಳಲ್ಲಿ ಒತ್ತಬೇಕು, ಸವಣೂರಿನ ವೀಳ್ಯದೆಲೆಯನ್ನು ಮೂಸಿ ನೋಡಬೇಕು. ಎಲೆ ತೂಕದ ಸರಕಲ್ಲ, ಎಣಿಕೆಯ ಸರಕು. ಕಟ್ಟಿನ ಮೇಲಿನ ಎಲೆ ಚೆಂದವಿದ್ದು ಒಳಗಿನದು ಬಾಡಿದ್ದರೆ ಕೊಂಡವರೇ ಹೊಣೆ. ಶರೀಫರು ಹೇಳುವ ಎಚ್ಚರವನ್ನು ಸಂತೆಗೆ ಹೋಗುವ ಹೆಂಗಸರು ಕೈಯಲ್ಲೇ ಇಟ್ಟುಕೊಂಡಿರುತ್ತಾರೆ.

ತಾಲ್ಲೂಕು ಕೇಂದ್ರಗಳಲ್ಲಿ ಈಗ ಗಾಜಿನ ಬಾಗಿಲಿನ ಅಂಗಡಿಗಳು ಬಂದಿವೆ. ಅಲ್ಲಿ ಬೆಲೆ ಕಾಣುತ್ತದೆ, ತೂಕ ಯಂತ್ರದ್ದು, ಚೌಕಾಸಿ ಮಾಡಿ ಮುಖ ಕೆಡಿಸಿಕೊಳ್ಳಬೇಕಿಲ್ಲ. ಜಾತಿ ಕೇಳಿ ದೂರ ನಿಲ್ಲಿಸುವವರಿಲ್ಲ ಎಂಬುದು ನನ್ನ ಕೆಲವು ಗೆಳೆಯರಿಗೆ ದೊಡ್ಡ ಸಂಗತಿ. ಅದನ್ನು ಹಗುರವಾಗಿ ಕಾಣಲು ನಾನು ತಯಾರಿಲ್ಲ. ಸಂತೆಯನ್ನು ಹಾಡಿ ಹೊಗಳುವ ಬರಹಗಳು ಇದನ್ನು ಮರೆಯುತ್ತವೆ. ಹಾಗೆಯೇ ಈ ಅಂಗಡಿಗಳಲ್ಲಿ ಎರಡು ಪದಗಳಿಗೆ ಜಾಗವಿಲ್ಲ. ಒಂದು, ಕೊಸರು: ಅಳೆದು ಮುಗಿದ ಮೇಲೆ ಮಾರುವವಳು ಹಾಕುವ ಇನ್ನೊಂದು ಹಿಡಿ. ಒಂದು ಕೊಂಡರೆ ಒಂದು ಉಚಿತ ಎಂಬುದು ಕೊಸರಲ್ಲ, ಅದು ಮೊದಲೇ ಬೆಲೆಯಲ್ಲಿ ಕೂಡಿಸಿಟ್ಟದ್ದು. ಇನ್ನೊಂದು, ಉದ್ರಿ. ಕಿರಾಣಿ ಅಂಗಡಿಯವನ ಬೆಲೆ ತುಸು ಹೆಚ್ಚು, ಬೇಳೆಯಲ್ಲಿ ಕಲ್ಲು ಇರಬಹುದು; ಆದರೆ ಅವನು ಉದ್ರಿ ಪುಸ್ತಕದಲ್ಲಿ ಹೆಸರು ಬರೆದುಕೊಂಡು ಕೂಲಿ ಬರುವವರೆಗೆ ಕಾಯುತ್ತಾನೆ. ಆ ಕಾಯುವಿಕೆಯ ಬೆಲೆಯೂ ಬೇಳೆಯ ಬೆಲೆಯಲ್ಲಿ ಸೇರಿದೆ. ಹಿರೇಕೆರೂರು ತಾಲ್ಲೂಕಿನ ಅಬಲೂರಿನೊಂದಿಗೆ ಹೆಸರು ತಳುಕು ಹಾಕಿಕೊಂಡ ಸರ್ವಜ್ಞ, ಸಾಲ ಕೊಳ್ಳುವಾಗಿನ ಸುಖವನ್ನೂ ತೀರಿಸುವಾಗಿನ ಸಂಕಟವನ್ನೂ ಒಂದೇ ತ್ರಿಪದಿಯಲ್ಲಿ ಹೇಳಿದ್ದು ಶಾಲೆಯ ಮಕ್ಕಳಿಗೂ ಗೊತ್ತು. ಎರಡು ಅಂಗಡಿಗಳ ಬೆಲೆಯನ್ನು ಹೋಲಿಸುವವರು ಈ ತ್ರಿಪದಿಯನ್ನು ಪಕ್ಕಕ್ಕಿಟ್ಟುಕೊಳ್ಳಬೇಕು. ನಗದು ಇಲ್ಲದವರಿಗೆ ಅಗ್ಗದ ಅಂಗಡಿ ಅಗ್ಗವಲ್ಲ.

ರಾಮಧಾನ್ಯದ ಓದು ಇಂದು ಬಿಕ್ಕಟ್ಟಿಗೆ ಸಿಗುವುದು ಇಲ್ಲಿಯೇ. 2013ರಲ್ಲಿ ಅನ್ನಭಾಗ್ಯ ಬಂದು ಬಡವರ ಮನೆಗೆ ಕಿಲೋಗೆ ಒಂದು ರೂಪಾಯಿಯಂತೆ, ಆಮೇಲೆ ಉಚಿತವಾಗಿ ಅಕ್ಕಿ ಬಂತು. ಬಡವರತ್ತ ನೋಡದವನು ಎಂದು ಬೈಸಿಕೊಂಡ ವ್ರೀಹಿಯೇ ಈಗ ಪಡಿತರದ ಚೀಲದಲ್ಲಿದ್ದಾನೆ. ಹಸಿವನ್ನು ಹಿಮ್ಮೆಟ್ಟಿಸಿದ ಆ ಅಕ್ಕಿಯನ್ನು ಕೀಳಾಗಿ ಕಾಣುವ ಹಕ್ಕು ಹೊಟ್ಟೆ ತುಂಬಿದವರಿಗಿಲ್ಲ. ಇತ್ತ ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಆಚರಿಸಿತು. ರಾಗಿ, ನವಣೆ, ಸಾಮೆಗಳು ಬಣ್ಣದ ಪೊಟ್ಟಣದಲ್ಲಿ ಕಪಾಟು ಏರಿದವು. ಕೇಂದ್ರ ಸರ್ಕಾರ 2024–25ಕ್ಕೆ ಘೋಷಿಸಿದ ಬೆಂಬಲ ಬೆಲೆಯಲ್ಲಿ ಸಾಮಾನ್ಯ ಭತ್ತಕ್ಕೆ ಕ್ವಿಂಟಲ್‌ಗೆ 2,300 ರೂಪಾಯಿ, ರಾಗಿಗೆ 4,290. ಭತ್ತ ಅಕ್ಕಿಯಾಗುವಾಗ ಮೂರರಲ್ಲಿ ಸುಮಾರು ಒಂದು ಪಾಲು ತೂಕ ಕಳೆಯುತ್ತದೆ ಎಂದು ಲೆಕ್ಕ ಹಾಕಿದರೂ ರಾಗಿಯೇ ಮುಂದೆ. ಹಾಗಾದರೆ ನರೆದಲಗ ಕೊನೆಗೂ ಗೆದ್ದನೇ?

ಕಾವ್ಯದ ತರ್ಕವನ್ನೇ ಹಿಡಿದರೆ, ಇಲ್ಲ. ಈಗ ಪೊಟ್ಟಣದ ರಾಗಿ ಹೇಳುತ್ತಿರುವುದು ಅಂದು ಅಕ್ಕಿ ಹೇಳಿದ ಮಾತನ್ನೇ: ನನ್ನನ್ನು ಕೊಳ್ಳುವವರು ಅನುಕೂಲಸ್ಥರು, ಆರೋಗ್ಯ ಬಲ್ಲವರು. ಜಾಗ ಅದಲುಬದಲಾಗಿದೆ, ವಾದ ಬದಲಾಗಿಲ್ಲ. ಎರಡು ಹೊತ್ತು ಜೋಳದ ರೊಟ್ಟಿ ತಿಂದು ಬೆಳೆದ ಮನೆಗಳಲ್ಲಿ ಈಗ ರೊಟ್ಟಿ ಒಂದು ಹೊತ್ತಿಗೆ ಇಳಿದು ಅನ್ನ ಏರಿದೆ. ಜೋಳ ಕೊಳ್ಳಬೇಕು, ಅಕ್ಕಿ ಮನೆಗೆ ಬರುತ್ತದೆ. ಇನ್ನು ಹೊರಗೆ ಹೊಲದಲ್ಲಿ ನಿಂತಿರುವುದು ಎರಡೂ ಅಲ್ಲ. ಹಾವೇರಿ ಜಿಲ್ಲೆಯ ಉದ್ದಕ್ಕೂ ಕಾಣುವುದು ಗೋವಿನಜೋಳ. ಕನಕದಾಸರ ಸಭೆಯಲ್ಲಿ ಅದಕ್ಕೆ ಆಸನವಿರಲಿಲ್ಲ. ಇಂದು ಅದರ ಬಹುಪಾಲು ಕೋಳಿ ಆಹಾರಕ್ಕೆ, ಕಾರ್ಖಾನೆಗೆ ಹೋಗುತ್ತದೆ, ಬೆಳೆದವರ ಒಲೆಯ ಹತ್ತಿರ ಸುಳಿಯುವುದಿಲ್ಲ. ಬೆಳೆಯುವುದು ಒಂದು, ತಿನ್ನುವುದು ಇನ್ನೊಂದು, ಹೊಗಳುವುದು ಮತ್ತೊಂದು.

ಆದ್ದರಿಂದ ‘ರಾಮಧಾನ್ಯ ಚರಿತೆ’ಯ ಮೇಲೆ ಮುಂದೆ ಪ್ರಬಂಧ ಬರೆಯುವ ವಿದ್ಯಾರ್ಥಿಗಳಿಗೆ ನನ್ನದೊಂದು ಸಲಹೆ. ಗೆದ್ದವರ ಹೆಸರಿಗಿಂತ ಪರೀಕ್ಷೆಯ ವಿಧಾನವನ್ನು ಗಮನಿಸಿ. ಕಾವ್ಯ ಕೇಳುವುದು ಯಾವ ಧಾನ್ಯ ಪವಿತ್ರ ಎಂದಲ್ಲ, ಕೈ ಬರಿದಾದ ತಿಂಗಳಲ್ಲಿ ಯಾವುದು ಮನೆಯಲ್ಲಿ ಉಳಿದಿರುತ್ತದೆ ಎಂದು. ಅದಕ್ಕೆ ಉತ್ತರ ಹುಡುಕಲು ಗ್ರಂಥಾಲಯದ ಜೊತೆಗೆ ಊರಿನ ಪಡಿತರ ಅಂಗಡಿ, ಕಿರಾಣಿ ಅಂಗಡಿ, ಸಂತೆ ಮೂರಕ್ಕೂ ಹೋಗಬೇಕು. ಅಲ್ಲಿ ಕೊಳ್ಳುವವರು ಏನನ್ನು ಮುಟ್ಟಿ ನೋಡುತ್ತಾರೆ, ಬೆಲೆ ಕೇಳಿ ಏನನ್ನು ಕೆಳಗಿಡುತ್ತಾರೆ ಎಂಬುದನ್ನು ಬರೆದುಕೊಂಡು ಬನ್ನಿ. ಆಮೇಲೆ ಷಟ್ಪದಿಗಳನ್ನು ಓದಿ.