ಹೇಳಿದವರ ಮಾತು, ಬರೆದವರ ವಾಕ್ಯ: ಯಾನ್ ಸ್ವಾರ್ಟ್‌ವಿಕ್ ಅವರ ವಿಧಾನದ ವಿಮರ್ಶೆ

ವಿಧಿ ಭಾಷಾವಿಜ್ಞಾನದ ಆರಂಭವನ್ನು ಸಾಮಾನ್ಯವಾಗಿ ಸ್ವೀಡನ್ನಿನ ಭಾಷಾವಿಜ್ಞಾನಿ ಯಾನ್ ಸ್ವಾರ್ಟ್‌ವಿಕ್ ಅವರ 1968ರ ಕಿರುಗ್ರಂಥದಲ್ಲಿ ಗುರುತಿಸಲಾಗುತ್ತದೆ. ಅದರ ವಸ್ತು, ಎಳೆಯ ಮಗಳ ಕೊಲೆಯ ಆರೋಪದಲ್ಲಿ 1950ರ ಮಾರ್ಚ್ 9ರಂದು ಲಂಡನ್ನಿನಲ್ಲಿ ನೇಣಿಗೇರಿದ ತಿಮೋತಿ ಇವಾನ್ಸ್‌ನ ಹೇಳಿಕೆಗಳು. ಅದೇ ಮನೆಯ ಜಾನ್ ಕ್ರಿಸ್ಟಿ ಸರಣಿ ಕೊಲೆಗಾರನೆಂಬುದು 1953ರಲ್ಲಿ ಬಯಲಾಯಿತು. 1966ರಲ್ಲಿ ಇವಾನ್ಸ್‌ಗೆ ಮರಣೋತ್ತರ ಕ್ಷಮಾದಾನ ದೊರೆಯಿತು.

ಓದುಬರಹ ಅಷ್ಟಾಗಿ ಬಾರದ ಇವಾನ್ಸ್‌ನ ಮಾತನ್ನು ಬರೆದುಕೊಂಡವರು ಪೊಲೀಸರು. ಸ್ವಾರ್ಟ್‌ವಿಕ್ ವಿವಾದಿತ ಭಾಗಗಳನ್ನು ಉಳಿದವುಗಳಿಂದ ಬೇರ್ಪಡಿಸಿ, ಉಪವಾಕ್ಯಗಳು ಒಂದಕ್ಕೊಂದು ಜೋಡಣೆಗೊಂಡ ಬಗೆಯನ್ನು ಎಣಿಸಿದರು. ಎರಡರ ವ್ಯಾಕರಣ ಒಂದೇ ಆಗಿರಲಿಲ್ಲ. ಸಾಮಗ್ರಿ ಅಲ್ಪವೆಂಬ ಎಚ್ಚರಿಕೆಯನ್ನೂ ಅವರು ನೀಡಿದ್ದಾರೆ. ಅವರನ್ನು ಉಲ್ಲೇಖಿಸುವವರು ಮರೆಯುವುದು ಇದನ್ನೇ.

ಆದರೆ ಹೇಳಿದವನೂ ಬರೆದವನೂ ಒಂದೇ ಭಾಷೆಯವರೆಂಬುದು ಈ ವಿಧಾನದ ಗೃಹೀತ. ಕೊಡಗಿನ ಪಾಲಿಬೆಟ್ಟದ ಸುತ್ತಣ ಕಾಫಿ ತೋಟಗಳ ಲೈನುಮನೆಗಳಲ್ಲಿ ಅದು ನಿಲ್ಲದು. ಅಲ್ಲಿನ ಯರವರ ಮನೆಮಾತು ಯರವ. ಠಾಣೆಯ ಬರಹ ಕನ್ನಡ. ಅನುವಾದದಲ್ಲಿ ಮೊದಲು ಅಳಿಯುವುದು ಸ್ವಾರ್ಟ್‌ವಿಕ್ ಎಣಿಸಿದ ಆ ಜೋಡಣೆಯೇ.

ನನ್ನ ತಪ್ಪನ್ನೇ ಉದಾಹರಿಸುವುದಾದರೆ, ಅಲ್ಲಿ ಯರವ ಹೆಂಗಸೊಬ್ಬಳ ಕಥನವನ್ನು ನಾನು ನೇರವಾಗಿ ಕನ್ನಡದಲ್ಲಿ ಟಿಪ್ಪಣಿ ಮಾಡಿಕೊಂಡಿದ್ದೆ. ಅದರಲ್ಲಿ ‘ಆದುದರಿಂದ’ ಎಂಬ ಪದ ಮೂರು ಕಡೆ ಬಂದಿದೆ. ಧ್ವನಿಮುದ್ರಿಕೆಯಲ್ಲಿ ಅದಕ್ಕೆ ಸಂವಾದಿಯಾದ ಪದವೇ ಇಲ್ಲ. ಆಕೆ ಘಟನೆಗಳನ್ನು ಒಂದರ ಪಕ್ಕ ಒಂದು ಇಟ್ಟಿದ್ದಳು, ಅಷ್ಟೆ. ಕಥೆಯಲ್ಲಿ ಇದು ಸಂಪಾದನೆಯ ದೋಷ. ಹೇಳಿಕೆಯಲ್ಲಾದರೆ ಇದೇ ಪದ ಕೃತ್ಯದ ಉದ್ದೇಶವಾಗಿಬಿಡುತ್ತದೆ.

ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತುಪಡಿಸುವಂತಿಲ್ಲವೆಂಬ 1872ರ ಸಾಕ್ಷ್ಯ ಕಾಯ್ದೆಯ ನಿಯಮವನ್ನು 2023ರ ಭಾರತೀಯ ಸಾಕ್ಷ್ಯ ಅಧಿನಿಯಮವೂ ಉಳಿಸಿಕೊಂಡಿದೆ. ಇದರಿಂದ ಸಮಾಧಾನಪಡುವುದು ಅವಸರವಾದೀತು. ಮೌಖಿಕ ದೂರನ್ನು ಬರೆದುಕೊಂಡು, ದೂರುದಾರರಿಗೆ ಓದಿ ಹೇಳಿ ಸಹಿ ಪಡೆಯಬೇಕು. ಓದಿ ಹೇಳುವುದು ಯಾವ ಭಾಷೆಯಲ್ಲಿ? ಸಾಕ್ಷಿಯು ತನಿಖೆಯಲ್ಲಿ ನೀಡಿದ ಹೇಳಿಕೆಯನ್ನು ನ್ಯಾಯಾಲಯದಲ್ಲಿ ಆಕೆಯ ಮಾತನ್ನೇ ಅಲ್ಲಗಳೆಯಲು ಬಳಸಬಹುದು. ಆ ವಿರೋಧಾಭಾಸ ಯಾರದೆಂದು ಕನ್ನಡ ಪಾಠವೊಂದರಿಂದಲೇ ನಿರ್ಣಯಿಸಲಾಗದು.

ಸಾಕ್ಷಿಯ ಹೇಳಿಕೆಯ ಧ್ವನಿಮುದ್ರಣಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಕೊಡಗಿನಲ್ಲಿಯೂ ಕ್ಷೇತ್ರಕಾರ್ಯ ನಡೆಸಿದ ಎಂ.ಬಿ. ಎಮಿನೊ, ನೀಲಗಿರಿಯ ಕೋತರ ಕಥನಗಳನ್ನು 1944–46ರಲ್ಲಿ ಪ್ರಕಟಿಸುವಾಗ ಮೂಲವನ್ನೂ ಅನುವಾದವನ್ನೂ ಪ್ರತ್ಯೇಕವಾಗಿ ಕೊಟ್ಟರು. ಠಾಣೆಯ ಕಡತದಲ್ಲಿಯೂ ಯರವ ಪಾಠ ಒಂದು ಸಾಲಿನಲ್ಲಿ, ಕನ್ನಡ ಅದರ ಕೆಳಗಿನ ಸಾಲಿನಲ್ಲಿ ಇರುವುದಾದರೆ, ಸ್ವಾರ್ಟ್‌ವಿಕ್ ಅವರ ಎಣಿಕೆಗೆ ಇಲ್ಲಿ ಎಣಿಸಲು ಏನಾದರೂ ಸಿಕ್ಕೀತು.